ಡಬ್ಬಮ್ಮನ ಓದು, ಕೂಸಿನ ಹೊಟ್ಟೆ

"ಮತ್ತೆ ನಡುವೆ ಬಾಯಿ ಹಾಕಿದೆಯಾ? ಒಂದು ಸಲವಾದರೂ ಪೂರ್ತಿ ಓದಲು ಬಿಡು" ಎಂದು ಹಾಲುಪುಡಿಯ ಡಬ್ಬಮ್ಮ ಕೂಸಿನ ಹೊಟ್ಟೆಯ ಮೇಲೆ ಸಿಡುಕಿದಳು. ತನ್ನ ಮೈಮೇಲೆ ಬರೆದದ್ದನ್ನು ಓದಿ ಹೇಳುವುದೆಂದರೆ ಅವಳಿಗೆ ಬಲು ಹೆಮ್ಮೆ.

"ಗುಡುಗಿದ್ದು ನಾನಲ್ಲ ಅಮ್ಮಾವ್ರೆ, ಒಳಗಿನ ಗಾಳಿ. ಕೂಸು ದುಂಡಗಾಗಲಿ ಅಂತ ಅಜ್ಜಿ ಒಂದು ಚಮಚ ಪುಡಿ ಹೆಚ್ಚಿಗೆ ಹಾಕಿದರು. ನಾನು ಕಲ್ಲಾಗಿದ್ದೇನೆ, ಕೂಸು ಕಾಲು ಮಡಚಿ ಅಳುತ್ತಿದೆ."

"ಅಷ್ಟು ಸತ್ವ ಸಿಕ್ಕಿತಲ್ಲ, ಸಂತೋಷಪಡು. ಮೆದುಳಿಗೆ ಬೇಕಾದದ್ದಿದೆ, ಕಣ್ಣಿಗಿದೆ, ಎಲುಬಿಗಿದೆ."

"ಅರಗಿಸುವ ನನಗೆ?" ಎಂದಿತು ಹೊಟ್ಟೆ. ಹೊಕ್ಕುಳ ಸುತ್ತ ಹಚ್ಚಿದ್ದ ಇಂಗು ಕಿಸಕ್ಕನೆ ನಕ್ಕಿತು.

ಡಬ್ಬಮ್ಮ ಗಿರ್ರನೆ ತಿರುಗಿ ಮೈಯೆಲ್ಲ ಹುಡುಕಿದಳು. ತಲೆಕೆಳಗಾಗಿ ತಳವನ್ನೂ ನೋಡಿಕೊಂಡಳು. ಅಲ್ಲಿದ್ದದ್ದು ಪುಡಿ ಕೆಡುವ ತಾರೀಖು ಮಾತ್ರ.

"ಹಾಗಾದರೆ," ಎಂದಿತು ಹೊಟ್ಟೆ, "ಆ ತಾರೀಖಿನವರೆಗೂ ಕೂಸು ಹೀಗೇ ಅಳಬೇಕೆ?"