ಖಾಲಿ ಜಾಗದ ಚರಗ

ಬಸ್ ಕಂಡಕ್ಟರನ ಮಗಳೊಬ್ಬಳಿದ್ದಳು. ಹೆಸರು ಸುಗಲಾ. ಅಪ್ಪನಿಗೆ ವರ್ಷ, ಎರಡು ವರ್ಷಕ್ಕೊಮ್ಮೆ ವರ್ಗ. ಬಾಡಿಗೆ ಮನೆಯ ಅಂಗಳದಲ್ಲಿ ಅವಳು ನೆಟ್ಟ ದಾಸವಾಳ ಮೊಗ್ಗು ಬಿಡುವ ಹೊತ್ತಿಗೆ ಮನೆಯ ಪಾತ್ರೆಗಳೆಲ್ಲ ಗೋಣಿಚೀಲ ಸೇರುತ್ತಿದ್ದವು. ಹೀಗೆ ಒಂಬತ್ತು ಮನೆ ಆದವು. ಹೂವು ಮಾತ್ರ ಒಂದನ್ನೂ ನೋಡಲಿಲ್ಲ. ಸಾಲೆಯಲ್ಲಿ ಯಾರಾದರೂ ನಿಮ್ಮೂರು ಯಾವುದು ಅಂತ ಕೇಳಿದರೆ, ಕಾಲಿನ ಹೆಬ್ಬೆರಳು ನೋಡುತ್ತ ಸುಮ್ಮನೆ ನಿಂತುಬಿಡುತ್ತಿದ್ದಳು.

ಅದಕ್ಕೇ ಇರಬೇಕು, ದೊಡ್ಡವಳಾದ ಮೇಲೆ ಅವಳು ಕಲಿತದ್ದು ನೆಲದ ವಿದ್ಯೆ. ಯಾವ ಜಾಗದಲ್ಲಿ ಕಟ್ಟಡ ಬರಬೇಕು, ಯಾವ ಗಿಡ ಉಳಿಯಬೇಕು, ಮಳೆಯ ನೀರು ಯಾವ ಕಡೆ ಹರಿಯಬೇಕು ಅಂತ ಮೊದಲೇ ಯೋಚಿಸಿ ನಕ್ಷೆ ಬರೆಯುವ ವಿದ್ಯೆ. ಓದು ಮುಗಿದ ಮೇಲೆ ಎರೆಭೂಮಿಯ ಸೀಮೆಯ ಒಂದು ವಿಶ್ವವಿದ್ಯಾಲಯದ ಯೋಜನಾ ಕಚೇರಿಯಲ್ಲಿ ಕೆಲಸ ಸಿಕ್ಕಿತು. ಎಲ್ಲರಿಗಿಂತ ಕೆಳಗಿನ ಹುದ್ದೆ, ಎರಡು ವರ್ಷದ ಕರಾರು.

ಆ ಕಚೇರಿಯ ಪ್ರತಿ ನಕ್ಷೆಯ ಮೂಲೆಯಲ್ಲಿ ಒಂದು ಚಿಕ್ಕ ಚೌಕ ಇರುತ್ತಿತ್ತು. ನಕ್ಷೆ ತಯಾರಿಸಿದವರ ಹೆಸರು ಬರೆಯುವ ಚೌಕ. ಅದರಲ್ಲಿ ಹೆಸರು ಬಂದು, ನಕ್ಷೆಯಂತೆ ಕಟ್ಟಡ ಎದ್ದರೆ ಭೂಮಿಯ ಮೇಲೆ ನಮ್ಮದೊಂದು ಗುರುತು ಉಳಿದ ಹಾಗೆ. ಸುಗಲಾಳ ಜೀವವೆಲ್ಲ ಆ ಚೌಕದ ಮೇಲೆ. ಮುಪ್ಪಿನಲ್ಲಾದರೂ ಒಂದು ದಿನ ಬಂದು, ಗೋಡೆ ಮುಟ್ಟಿ, ಇದು ನನ್ನ ಕೈಯಿಂದ ಆದದ್ದು ಅನ್ನಬೇಕು ಅಂತ ಅವಳ ಆಸೆ. ಎಂಟು ತಿಂಗಳು ಬೇರೆಯವರು ಬರೆದ ನಕ್ಷೆಗೆ ಬಣ್ಣ ತುಂಬಿದಳು, ಗಿಡ ಎಣಿಸಿದಳು, ಚರಂಡಿ ಅಳೆದಳು. ಹೆಸರು ಎಲ್ಲೂ ಬರಲಿಲ್ಲ.

ಒಂಬತ್ತನೇ ತಿಂಗಳು ಮೇಲಧಿಕಾರಿ ಮಹಾಂತಯ್ಯನವರು ಕರೆದರು. ಹೆಣ್ಣುಮಕ್ಕಳ ಹೊಸ ಹಾಸ್ಟೆಲ್ಲಿಗೆ ಜಾಗ ಹುಡುಕಿ ನಕ್ಷೆ ಮಾಡಿ ತರಬೇಕು, ಈ ಸಲ ಚೌಕದಲ್ಲಿ ನಿಮ್ಮ ಹೆಸರೇ ಇರಲಿ ಅಂದರು. ಆ ದಿನ ಸುಗಲಾ ಬುತ್ತಿಯ ಡಬ್ಬಿ ಬಿಚ್ಚುವುದನ್ನೇ ಮರೆತಳು.

ಗ್ರಂಥಾಲಯದ ಹಿಂದೆ, ದೂರದಲ್ಲಿ, ನಾಲ್ಕು ಎಕರೆ ಬಯಲಿತ್ತು. ಅಂಚಿನಲ್ಲಿ ಒಂದು ಬನ್ನಿಗಿಡ. ಜಾಗವನ್ನು ಮೂರು ಸಲ ಹೋಗಿ ನೋಡಬೇಕು ಅನ್ನುವುದು ಕಚೇರಿಯ ನಿಯಮ. ಸುಗಲಾ ಕಚೇರಿಯ ಜೀಪಿನಲ್ಲಿ ಮೂರು ಸಲ ಹೋದಳು. ಮೂರು ಸಲವೂ ಹುಲ್ಲು, ಬನ್ನಿಗಿಡ, ಗಾಳಿ. ಫಾರ್ಮಿನಲ್ಲಿ ಈ ಜಾಗದ ಈಗಿನ ಬಳಕೆ ಏನು ಅಂತ ಕೇಳಿದ್ದ ಕಡೆ, ಏನೂ ಇಲ್ಲ, ಖಾಲಿ ಅಂತ ಬರೆದಳು.

ಆ ಜೀಪಿನ ವಿಷಯ ಒಂದಿಷ್ಟು ಹೇಳಬೇಕು. ಕಚೇರಿ ತೆರೆದ ದಿನ ಮಾತ್ರ ಅದು ಹೊರಡುತ್ತಿತ್ತು. ರಜೆ ಬಂದರೆ ಅದೂ ಶೆಡ್ಡಿನಲ್ಲಿ ಮಲಗುತ್ತಿತ್ತು. ಹೀಗಾಗಿ ಆ ಕಚೇರಿಯ ಯಾವ ನಕ್ಷೆಯೂ ಒಂದು ಹಬ್ಬದ ಮುಖ ನೋಡಿರಲಿಲ್ಲ. ಇಷ್ಟು ವರ್ಷ ಅದು ಯಾರಿಗೂ ಹೊಳೆದೂ ಇರಲಿಲ್ಲ.

ನಕ್ಷೆ ಸಮಿತಿಯ ಮುಂದೆ ಹೋಗಲು ನಾಲ್ಕು ದಿನ ಉಳಿದಾಗ ಎಳ್ಳಮಾವಾಸ್ಯೆ ಬಂತು. ಆ ಸೀಮೆಯಲ್ಲಿ ಅದು ಹೊಲದ ಹಬ್ಬ. ಮನೆಮಂದಿಯೆಲ್ಲ ಅಡುಗೆ ಕಟ್ಟಿಕೊಂಡು ಹೊಲಕ್ಕೆ ಹೋಗುತ್ತಾರೆ. ತುಂಬಿ ನಿಂತ ಬೆಳೆ ಬಸುರಿ ಹೆಂಗಸಿದ್ದ ಹಾಗೆ, ಅವಳ ಬಯಕೆ ತೀರಿಸಬೇಕು ಅಂತ ಮಾಡಿದ ಅಡುಗೆಯಲ್ಲಿ ಮೊದಲ ಪಾಲನ್ನು ಬೆಳೆಯ ಸುತ್ತ ಚೆಲ್ಲುತ್ತಾರೆ. ಅದಕ್ಕೆ ಚರಗ ಅನ್ನುತ್ತಾರೆ. ಕಚೇರಿಯವರೆಲ್ಲ ಅವರವರ ಹೊಲಕ್ಕೆ ಹೋದರು. ಸುಗಲಾಳಿಗೆ ಯಾವ ಹೊಲ? ತನ್ನ ಹಾಸ್ಟೆಲ್ಲನ್ನಾದರೂ ಮನಸ್ಸಿನಲ್ಲಿ ಕಟ್ಟಿ ನೋಡೋಣ ಅಂತ ನಡೆದುಕೊಂಡೇ ಆ ಬಯಲಿಗೆ ಹೊರಟಳು.

ಹೋಗಿ ನೋಡಿದರೆ ಬನ್ನಿಗಿಡದ ಬುಡದಲ್ಲಿ ಜನ. ಒಬ್ಬ ಮುದುಕಿ, ಮಗ, ಸೊಸೆ, ಇಬ್ಬರು ಮೊಮ್ಮಕ್ಕಳು. ಐದು ಕಲ್ಲಿಗೆ ಸುಣ್ಣ ಬಳಿದು ಪೂಜೆಗೆ ಕೂಡಿಸಿದ್ದರು. ಪಕ್ಕದಲ್ಲಿ ಬಿಳಿ ಬಟ್ಟೆ ಮುಚ್ಚಿದ ಬುಟ್ಟಿ. ಸುಗಲಾಳ ಕೊರಳಿನ ಗುರುತಿನ ಚೀಟಿ ಕಂಡು ಸೊಸೆ ದಡಬಡಿಸಿ ಬುಟ್ಟಿಗೆ ಕೈ ಹಾಕಿದಳು. ಎದ್ದು ನಿಂತು, ಅರ್ಧ ತಾಸಿನಲ್ಲಿ ಹೋಗಿಬಿಡುತ್ತೇವೆ ಬಾಯಾರ, ಕಸ ಒಂದೂ ಬಿಡುವುದಿಲ್ಲ ಅಂದಳು.

ಮುದುಕಿಯ ಹೆಸರು ದುಂಡವ್ವ. ಆಕೆ ಕೂತಲ್ಲಿಂದ ಏಳಲಿಲ್ಲ. "ಕೊರಳಾಗಿನ ಬಿಲ್ಲಿ ನೋಡಿ ಯಾಕ ಅಂಜ್ತೀ? ಮಾರಿ ನೋಡು, ಮುಂಜಾನಿಂದ ಏನೂ ತಿಂದಿಲ್ಲ ಅದು," ಅಂದಳು. ಆಮೇಲೆ ಸುಗಲಾಳ ಕಡೆ ತಿರುಗಿ, ಚರಗ ಚೆಲ್ಲಿ ಬರುತ್ತೇವೆ, ನೀನೂ ಬಾ, ಬಂದು ಊಟ ಮಾಡೋಣ ಅಂತ ಕೈ ಮಾಡಿ ಕರೆದಳು.

ಮುಂದೆ ದುಂಡವ್ವ ಬುಟ್ಟಿ ಹಿಡಿದು ಹೊರಟಳು. ಹಿಂದೆ ಮಗ ನೀರಿನ ತಂಬಿಗೆ ಹಿಡಿದ. ಸುಗಲಾ ಹುಲ್ಲಿನಲ್ಲಿ ಅಡ್ಡಾದಿಡ್ಡಿ ಕಾಲು ಹಾಕುತ್ತ ಹೊರಟಾಗ ದುಂಡವ್ವ ನಿಂತು ತಿರುಗಿದಳು.

"ಸಾಲಿನಾಗ ಬಾ ಮಗಳ. ಬೆಳಿ ತುಳಿಬ್ಯಾಡ."

ಸುಗಲಾ ಕೆಳಗೆ ನೋಡಿದಳು. ಬರೀ ಒಣ ಹುಲ್ಲು. ತಲೆ ಎತ್ತಿ ನೋಡಿದರೆ ದುಂಡವ್ವ ಸೀರೆಯ ನಿರಿಗೆ ಒಂದು ಗೇಣು ಮೇಲೆ ಹಿಡಿದು, ಎರಡೂ ಕಡೆ ಆಳೆತ್ತರದ ಜೋಳ ನಿಂತಿದೆಯೇನೋ ಅನ್ನುವ ಹಾಗೆ, ಒಂದೇ ನೇರಕ್ಕೆ ಹೆಜ್ಜೆ ಇಡುತ್ತಿದ್ದಳು. ತಿರುವಿನಲ್ಲಿ ಕೈಯಿಂದ ಗಾಳಿಯನ್ನು ಮೆಲ್ಲಗೆ ಸರಿಸಿದಳು, ತೆನೆ ಮುಖಕ್ಕೆ ತಾಗದಿರಲಿ ಅಂತ. ಮಗನೂ ಹಾಗೇ ನಡೆದ. ಅಲ್ಲಿ ಒಂದು ಕಾಳು ಬೆಳೆದದ್ದನ್ನೂ ನೋಡದ ಆ ಎರಡು ಮೊಮ್ಮಕ್ಕಳೂ ಹಾಗೇ, ಒಂದರ ಹಿಂದೆ ಒಂದು, ಸಾಲು ಬಿಡದೆ ನಡೆದವು. ಮೂವತ್ತೆರಡು ವರ್ಷವಾಯಿತು ನಮ್ಮ ಈ ಹೊಲ ವಿಶ್ವವಿದ್ಯಾಲಯಕ್ಕೆ ಹೋಗಿ, ಹಿಂಗೇ ನಡೆಯುತ್ತಾರೆ ನೋಡಿ ಅಂತ ಸೊಸೆ ಪಿಸುಗುಟ್ಟಿದಳು. ಹೇಳುತ್ತ ಹೇಳುತ್ತ ಆಕೆಯೂ ನಿರಿಗೆ ಎತ್ತಿ ಹಿಡಿದಳು.

ದುಂಡವ್ವ ಒಂದು ಹಿಡಿ ಚೆಲ್ಲಿ "ಹುಲ್ಲುಲ್ಲಿಗ್ಯೋ" ಅಂತ ಚರಗದ ಕೂಗು ಹಾಕಿದಳು. ಹಿಂದಿನವರೆಲ್ಲ "ಚಲಾಂಬರಿಗ್ಯೋ" ಅಂದರು. ಕೂಗು ಗ್ರಂಥಾಲಯದ ಗೋಡೆ ಮುಟ್ಟಿ ತಿರುಗಿ ಬಂತು.

ಊಟಕ್ಕೆ ಕೂತಾಗ ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಪುಂಡಿಪಲ್ಯ, ಶೇಂಗಾ ಹೋಳಿಗೆ ಎಲ್ಲ ಸುಗಲಾಳ ಮುಂದೆ ಬಂದವು. ಊಟದ ನಡುವೆ ಅವಳು ಅಳುಕುತ್ತಲೇ ಕೇಳಿದಳು, ಹೊಲ ಹೋದದ್ದಕ್ಕೆ ಸಿಟ್ಟಿದೆಯೇ ಅಂತ. ಇಲ್ಲ ಅಂದಳು ದುಂಡವ್ವ. ಸಾಲೆ ಕಟ್ಟುತ್ತೇವೆ ಅಂದರು, ಯಜಮಾನರು ತಾವಾಗಿ ಸಹಿ ಹಾಕಿದರು, ನಮ್ಮದೇನೂ ತಕರಾರಿಲ್ಲ ಅಂದಳು.

"ಮತ್ತ ಯಾಕ ಬರ್ತೀರಿ, ಆಯಿ?"

"ಹೊಲ ಯಾರ ಹೆಸರಿಗೆ ಇದ್ರೇನವ್ವಾ, ಅದಕ್ಕ ಹಸಿವು ಆಗೂದಿಲ್ಲೇನು?" ಅಂದಳು ದುಂಡವ್ವ. ರೊಟ್ಟಿ ಮುರಿಯುತ್ತ ಕೇಳಿದಳು, "ನಿಮ್ಮ ಹೊಲ ಯಾವ ಕಡಿ ಬರ್ತೈತಿ?"

ಮತ್ತೆ ಅದೇ ಮಾತು. ಸುಗಲಾಳ ಕೈ ಯಾವ ದಿಕ್ಕಿಗೂ ಏಳಲಿಲ್ಲ. ದುಂಡವ್ವ ಒಂದು ಗಳಿಗೆ ಅವಳ ಮುಖ ನೋಡಿದಳು. ಇನ್ನೊಂದು ಹೋಳಿಗೆ ಹಾಕಿ, ಅದರ ಮೇಲೆ ತುಪ್ಪ ಸುರಿದಳು. ಹಾಗಾದರೆ ಬರುವ ವರ್ಷ ಇಲ್ಲೇ ಬಂದು ಚೆಲ್ಲು ಅಂದಳು.

ಬರುವ ವರ್ಷ ಇಲ್ಲಿ ಹಾಸ್ಟೆಲ್ಲಿನ ಪಾಯ ಇರುತ್ತದೆ ಅಂತ ಗೊತ್ತಿದ್ದ ಸುಗಲಾ ತಲೆ ತಗ್ಗಿಸಿ ಹೋಳಿಗೆ ಮುರಿದಳು.

ಮನೆಗೆ ಬಂದು ನಕ್ಷೆ ಬಿಚ್ಚಿ ಕೂತಳು. ಮೂಲೆಯ ಚೌಕದಲ್ಲಿ ಅವಳ ಹೆಸರು ಆಗಲೇ ಚಂದಾಗಿ ಕೂತಿತ್ತು. ಸುಮ್ಮನಿದ್ದರೆ ಯಾರಿಗೂ ಏನೂ ತಿಳಿಯುತ್ತಿರಲಿಲ್ಲ. ದುಂಡವ್ವ ಅರ್ಜಿ ಕೊಡುವವಳಲ್ಲ, ಪಾಯ ಕಂಡರೆ ಬುಟ್ಟಿ ಹೊತ್ತು ಹೊಳ್ಳಿ ಹೋಗುವವಳು. ಹಾಸ್ಟೆಲ್ಲಿಗೆ ಇನ್ನೊಂದು ಜಾಗವೂ ಇತ್ತು, ಆಟದ ಮೈದಾನದ ಆಚೆ. ಆದರೆ ಆ ಜಾಗದ ನಕ್ಷೆಯನ್ನು ಕಚೇರಿಯ ಇನ್ನೊಬ್ಬರು ಮೊದಲೇ ಅರ್ಧ ಮಾಡಿ ಇಟ್ಟಿದ್ದರು. ಅದು ಮುಂದೆ ಹೋದರೆ ಚೌಕದಲ್ಲಿ ಅವರ ಹೆಸರು. ಅವಳ ಕರಾರು ಮುಗಿಯುವುದರೊಳಗೆ ಇನ್ನೊಂದು ಕಟ್ಟಡ ಬರುವುದು ದೂರದ ಮಾತು.

ಮಾರನೆಯ ದಿನ ಮಹಾಂತಯ್ಯನವರ ಮೇಜಿನ ಮುಂದೆ ನಿಂತು ಎಲ್ಲ ಹೇಳಿದಳು. ಅವರು ಕೆಟ್ಟವರಲ್ಲ. ಕನ್ನಡಕ ತೆಗೆದು ಒರೆಸುತ್ತ ಕೇಳಿದರು, ಅವರು ಹಕ್ಕು ಕೇಳಿದ್ದಾರೆಯೇ, ಅರ್ಜಿ ಹಾಕಿದ್ದಾರೆಯೇ, ವರ್ಷಕ್ಕೆ ಒಂದೇ ದಿನ ಬರುವವರನ್ನು ಯಾವ ಕಾಲಮ್ಮಿನಲ್ಲಿ ತೋರಿಸುವುದು ಅಂತ.

ಸುಗಲಾ ಹೇಳಿದಳು, "ಅದು ನನಗ ಗೊತ್ತಿಲ್ಲ ಸರ್. ಆದ್ರ ಖಾಲಿ ಅಂತ ನಾ ಬರದದ್ದು ಸುಳ್ಳು. ಅದರ ಕೆಳಗ ನನ್ನ ಹೆಸರು ಬ್ಯಾಡ."

ಮಹಾಂತಯ್ಯನವರು ಕನ್ನಡಕ ಮತ್ತೆ ಏರಿಸಿಕೊಂಡರು. ಅವರ ಮನೆಯವರೂ ಹಿಂದಿನ ದಿನ ಚರಗ ಚೆಲ್ಲಿ ಬಂದವರೇ. ಕೊನೆಗೆ ಫಾರ್ಮು ಎಳೆದುಕೊಂಡು ಖಾಲಿ ಅನ್ನುವುದನ್ನು ತಾವೇ ಹೊಡೆದು ಹಾಕಿದರು.

ಹಾಸ್ಟೆಲ್ಲು ಮೈದಾನದ ಆಚೆ ಎದ್ದಿತು, ಇನ್ನೊಬ್ಬರ ಹೆಸರಿನಲ್ಲಿ. ಬನ್ನಿಗಿಡದ ಬಯಲಿಗೆ ನಕ್ಷೆಯಲ್ಲಿ ಹಸಿರು ಬಣ್ಣ ಬಂತು, ಅಡಿಯಲ್ಲಿ ಒಂದು ಸಾಲು ಟಿಪ್ಪಣಿ ಬಂತು: ಎಳ್ಳಮಾವಾಸ್ಯೆಗೆ ಇಲ್ಲಿ ಚರಗ ಚೆಲ್ಲುತ್ತಾರೆ. ಅದನ್ನು ಬರೆದವರು ಯಾರು ಅಂತ ಎಲ್ಲೂ ಇಲ್ಲ.

ಮುಂದಿನ ವರ್ಷ ದುಂಡವ್ವ ಎಂದಿನ ಹಾಗೆ ಬಂದಳು. ಆ ನೆಲ ಕೈ ತಪ್ಪುವುದರಲ್ಲಿತ್ತು ಅನ್ನುವುದು ಅವಳಿಗೆ ಗೊತ್ತಾಗಲೇ ಇಲ್ಲ. ಸುಗಲಾಳೂ ಹೇಳಲಿಲ್ಲ. ಮೊಣಕಾಲು ನೋಯುತ್ತದೆ ಅಂತ ಆ ವರ್ಷ ದುಂಡವ್ವ ಬುಟ್ಟಿಯನ್ನು ಸುಗಲಾಳ ಕೈಗೆ ಕೊಟ್ಟಳು. ಸುಗಲಾ ಕೂಗಿದಳು. ಬಯಲೆಲ್ಲ ತಿರುಗಿ ಓಗೊಟ್ಟಿತು. ಆ ಬೇಸಿಗೆಗೆ ಕರಾರು ಮುಗಿಯಿತು.

ಆಮೇಲೆ ಅವಳಿಗೆ ಕೆಲಸ ಸಿಕ್ಕಿದ್ದು ಕಡಲ ಕಡೆಯ ಊರಿನಲ್ಲಿ. ಹನ್ನೊಂದನೆಯ ಬಾಡಿಗೆ ಮನೆ. ಅಲ್ಲಿ ಚರಗ ಅಂದರೆ ಯಾರಿಗೂ ತಿಳಿಯದು. ಎಳ್ಳಮಾವಾಸ್ಯೆಯ ಬೆಳಿಗ್ಗೆ ಸುಗಲಾ ಸೊಟ್ಟಗೆ ಒಂದು ಸಜ್ಜೆ ರೊಟ್ಟಿ ಬಡಿದಳು. ಬನ್ನಿಗಿಡದ ಬಯಲು ಅಲ್ಲಿಂದ ಈಶಾನ್ಯಕ್ಕೆ. ಮನೆಯ ಯಜಮಾನಿಯ ಬಳಿ ಹೋಗಿ ಈಶಾನ್ಯ ಯಾವ ಕಡೆ ಅಂತ ಕೇಳಿದಳು. ವಾಸ್ತು ನೋಡುತ್ತೀರಾ ಅಂತ ಆಕೆ ನಕ್ಕು, ಕೈ ತೋರಿಸಿದಳು.

ಸುಗಲಾ ತಾರಸಿ ಹತ್ತಿದಳು. ಒಣಹಾಕಿದ ಬಟ್ಟೆಗಳ ನಡುವೆ, ಚೂಡಿದಾರದ ಅಂಚನ್ನು ಒಂದು ಗೇಣು ಎತ್ತಿ ಹಿಡಿದು, ಒಂದೇ ನೇರಕ್ಕೆ ನಡೆದು ಆ ಮೂಲೆ ಸೇರಿದಳು. ರೊಟ್ಟಿ ಮುರಿದು ಚೆಲ್ಲಿ, ಮೆಲುದನಿಯಲ್ಲಿ "ಹುಲ್ಲುಲ್ಲಿಗ್ಯೋ" ಅಂದಳು.

ತಿರುಗಿ ಅನ್ನುವವರು ಯಾರೂ ಇರಲಿಲ್ಲ. ಆದರೂ ಆ ದಿಕ್ಕಿಗೆ ಕಿವಿಗೊಟ್ಟು ಬಹಳ ಹೊತ್ತು ನಿಂತಿದ್ದಳು.

ನೀತಿ: ಮಕ್ಕಳೇ, ಯಾವ ನೆಲವನ್ನೂ ಖಾಲಿ ಅಂತ ಬರೆಯುವ ಮೊದಲು, ಅದನ್ನು ನೆನೆದು ಬರುವವರು ಇದ್ದಾರೆಯೇ ಅಂತ ಅವರು ಬರುವ ದಿನ ಹೋಗಿ ನೋಡಬೇಕು. ಇನ್ನೊಬ್ಬರ ಹಂಬಲಕ್ಕೆ ಜಾಗ ಬಿಟ್ಟವರ ಹಂಬಲ ತೀರುತ್ತದೆ ಅಂತ ನಾನು ಹೇಳಲಾರೆ. ತಮ್ಮ ಹಂಬಲ ಯಾವ ಕಡೆ ಮುಖ ಮಾಡಿ ನಿಲ್ಲಬೇಕು ಅನ್ನುವುದು ಮಾತ್ರ ಅವರಿಗೆ ಗೊತ್ತಾಗುತ್ತದೆ.