ಮುದ್ದುರಂಗ ಕೋಯಿ ಮರಿ ಕಾದದ್ದು

ಪೆದ್ದನ ಕತೆ ಬೇಕು ಅಂತ ಕೂತಿದ್ದೀರಿ, ಹೇಳುತ್ತೇನೆ. ನಗು ಬಂದರೆ ನಗಿ, ತಡೆಯುವವರು ಯಾರೂ ಇಲ್ಲ. ಆದರೆ ಇದು ನಡೆಯುವಾಗ ಪೆದ್ದನ ಅವ್ವ ಚಿಕ್ಕತಾಯಮ್ಮ ಒಂದು ಸಲವೂ ನಗಲಿಲ್ಲ. ಅಷ್ಟು ದಿನವೂ ಅವಳು ಜೀವ ಕೈಯಲ್ಲಿ ಹಿಡಿದುಕೊಂಡೇ ಇದ್ದಳು.

ಬಾಣಾವರದ ಆಚೆ ಒಂದು ಊರು. ಅಲ್ಲಿ ಚಿಕ್ಕತಾಯಮ್ಮನಿಗೆ ಒಬ್ಬನೇ ಮಗ, ಮುದ್ದುರಂಗ. ವಯಸ್ಸು ಮೂವತ್ತು ದಾಟಿತ್ತು, ಬುದ್ಧಿ ಇನ್ನೂ ಮೂರು ದಾಟಿರಲಿಲ್ಲ. ಹೇಳಿದ್ದನ್ನು ಹೇಳಿದ ಹಾಗೇ ಮಾಡುತ್ತಿದ್ದ, ಅದೇ ಅವನ ರೋಗ. ತಾಯಿ ಮಗ ಇಬ್ಬರೂ ರಿಟೈರಾದ ಇನ್‌ಸ್ಪೆಕ್ಟರ್ ವೀರಭದ್ರೇಗೌಡರ ಮನೆಯಲ್ಲಿ ಕೆಲಸಕ್ಕಿದ್ದರು. ಅವರ ಹಿತ್ತಿಲ ಕೋಣೆಯಲ್ಲೇ ವಾಸ. ಆ ಕೋಣೆ ಬಿಟ್ಟರೆ ಅವರ ತಲೆಯ ಮೇಲೆ ಬೇರೆ ಸೂರಿರಲಿಲ್ಲ.

ಗೌಡರು ನಡುಮನೆಯಲ್ಲಿ ಗಾಜಿನ ತೊಟ್ಟಿ ಇಟ್ಟು ಕೋಯಿ ಮೀನಿನ ಮರಿ ಸಾಕಿದ್ದರು. ಜಪಾನಿನ ಜಾತಿಯವು, ಬಿಳಿ ಮೈಗೆ ಕುಂಕುಮ ಚೆಲ್ಲಿದ ಹಾಗೆ ಮಚ್ಚೆ. ಇನ್ನೂ ಬೆರಳುದ್ದ ಇದ್ದವು. ಗೇಣುದ್ದ ಆದಮೇಲೆ ಮನೆ ಮುಂದೆ ಕಟ್ಟಿಸಿದ ಕೊಳಕ್ಕೆ ಬಿಡಬೇಕು ಅಂತ ಅವರ ಆಸೆ. ಮಗಳ ಹೆರಿಗೆಗೆ ಅಂತ ಶಿವಮೊಗ್ಗಕ್ಕೆ ಹೊರಟು ನಿಂತಾಗ ಮೀಸೆ ನೀವಿಕೊಂಡು ಹೇಳಿದರು:

"ಹನ್ನೆರಡು ಮರಿ ಇದಾವೆ ಚಿಕ್ಕತಾಯಿ. ನಾನು ಬಂದಾಗ ಹನ್ನೆರಡೂ ಇರಬೇಕು. ಒಂದು ಕಮ್ಮಿ ಆಯ್ತೋ, ನೀನೂ ನಿನ್ನ ಮಗನೂ ಗಂಟುಮೂಟೆ ಕಟ್ಟಿ. ತಿಳೀತಾ?"

"ತಿಳೀತು ಸಾಹೇಬ್ರೇ," ಅಂದಳು ಚಿಕ್ಕತಾಯಮ್ಮ.

ಮುದ್ದುರಂಗ ತೊಟ್ಟಿಯೊಳಗೆ ಬಗ್ಗಿ ನೋಡಿ, "ಅವ್ವಾ, ಇವು ಸಾರಿಗಾ?" ಅಂದ.

ಸದ್ಯ, ಗೌಡರು ಅಷ್ಟು ಹೊತ್ತಿಗೆ ಗೇಟು ದಾಟಿದ್ದರು.

ಮಾರನೇ ದಿನವೇ ಚಿಕ್ಕತಾಯಮ್ಮ ಬಚ್ಚಲಲ್ಲಿ ಜಾರಿದಳು. ಕಾಲು ಉಳುಕಿ ಊದಿತು. ನೆಲಕ್ಕೆ ಊರಿದರೆ ಪ್ರಾಣ ಹೋಗುವ ನೋವು. ಬೇರೆ ದಾರಿಯಿಲ್ಲದೆ ಮಗನನ್ನು ಕರೆದಳು.

"ಮರಿಗಳಿಗೆ ಊಟ ಹಾಕಿ ಬಾರ್ಲಾ. ನಮ್ಮನೆ ಮಕ್ಕಳಿಗೆ ಹಾಕ್ದಂಗೆ ಅಕ್ಕರೆಯಿಂದ ಹಾಕು."

"ಆಗಲಿ ಅವ್ವಾ!"

ಹೋದ. ಬಿಸಿ ಬಿಸಿ ರಾಗಿಮುದ್ದೆ ತೊಳಸಿದ. ಮಕ್ಕಳಿಗೆ ಹಾಕುವ ಹಾಗೇ ಆರಿಸಿದ, ತುತ್ತು ಮಾಡಿದ, ಸೊಪ್ಪಿನ ಸಾರಿನಲ್ಲಿ ಅದ್ದಿದ, ತೊಟ್ಟಿಯೊಳಗೆ ಹಾಕಿದ. ತಿನ್ನಲಿಲ್ಲ ಅಂತ ಇನ್ನಷ್ಟು ಹಾಕಿದ. ಬಂದು ಹೇಳಿದ, "ಹಟ ಮಾಡ್ತಾವೆ ಅವ್ವಾ, ಸಾರು ಮಾತ್ರ ಕುಡೀತಾವೆ."

ಅವಳ ಜೀವ ಬಾಯಿಗೆ ಬಂತು. ಗೋಡೆ ಹಿಡಿದು, ಕುಂಟಿಕೊಂಡು, ನಡುಮನೆಗೆ ಬಂದಳು. ನೀರು ಕೆರೆಯ ಕೆಸರಿನ ಹಾಗಾಗಿತ್ತು. ಮರಿಗಳು ಮೇಲೆ ಬಂದು ಬಾಯಿ ಬಾಯಿ ಬಿಡುತ್ತಿದ್ದವು. ಕೈ ಹಾಕಿ ಮುದ್ದೆ ಬಾಚಿದಳು. ಎಣಿಸಿದಳು, ಹನ್ನೆರಡು ಇದ್ದವು.

"ಅಯ್ಯೋ ಮುಂಡೇದೇ! ಚಿಟಿಕೆಯಷ್ಟು ಹಾಕಬೇಕಿತ್ತು! ಎರಡು ನಿಮಿಷ ನೋಡಬೇಕಿತ್ತು, ತಿನ್ನದೆ ಬಿಟ್ಟಿದ್ದನ್ನ ಎತ್ತಿ ಆಚೆಗೆ ಬಿಸಾಕಬೇಕಿತ್ತು!"

"ಮುಂದಿನ ಸಲ ಹಂಗೇ ಮಾಡ್ತೀನಿ ಅವ್ವಾ."

ನೀರು ತಿಳಿಯಾಗಲಿಲ್ಲ. ಚಿಕ್ಕತಾಯಮ್ಮನಿಗೆ ಕೂತರೆ ಕೆಂಡ, ನಿಂತರೆ ಕೆಂಡ. ಮೀನಿನ ಮರಿ ಮಾರಿದ ಅಂಗಡಿಯ ಪರಮೇಶಿಗೆ ಹೇಳಿ ಕಳಿಸಿದಳು. ಪಾಪ, ಅವನು ಮಧ್ಯಾಹ್ನದ ಬಿಸಿಲಲ್ಲಿ ಸೈಕಲ್ ತುಳಿದುಕೊಂಡು ಬಂದ. ಈ ಪುಣ್ಯಾತ್ಮನೊಬ್ಬನೇ ನಮ್ಮನ್ನು ಉಳಿಸುವವನು ಅಂದುಕೊಂಡು ಅವಳು ಮಗನಿಗೆ ಹೇಳಿದಳು, "ಮೊದಲು ಅವರಿಗೆ ಊಟಕ್ಕೆ ಬಡಿಸ್ಲಾ. ಆಮೇಲೆ ನೀರು ತೋರಿಸು."

ಮುದ್ದುರಂಗ ಎಲೆ ಹಾಕಿದ. ಎಲೆಯ ನಟ್ಟನಡುವೆ ಒಂದು ಚಿಟಿಕೆ ಅನ್ನ ಇಟ್ಟ. ಎದುರಿಗೆ ಕುಕ್ಕರಗಾಲಲ್ಲಿ ಕೂತು ಗಡಿಯಾರ ನೋಡಿದ. ತಮಾಷೆಗೆ ಇರಬೇಕು ಅಂತ ಪರಮೇಶಿ ಸಾರಿಗೆ ಕಾದ. ಎರಡು ನಿಮಿಷ ಆಯಿತು. ಮುದ್ದುರಂಗ ಎಲೆಯನ್ನು ಅನ್ನದ ಸಮೇತ ಎತ್ತಿ ಕಿಟಕಿಯಿಂದ ಆಚೆಗೆ ಬಿಸಾಡಿದ.

ಉಣ್ಣಲು ಕೂತವನ ಎಲೆ ಎತ್ತುವುದು ಅಂದರೇನು! ಹಗೆಯವನಿಗೂ ಹಾಗೆ ಮಾಡುವುದಿಲ್ಲ. ಪರಮೇಶಿ ಧಡಕ್ಕನೆ ಎದ್ದ.

"ಕರೆಸಿ ಮರ್ಯಾದೆ ಕಳೀತೀರೇನ್ರೀ!"

"ಅಣ್ಣಾ, ಅವನು ಪೆದ್ದ ಕಣಣ್ಣಾ, ಹೋಗಬೇಡಿ! ನೀರಿಗೆ ಏನು ಮಾಡಲಿ ಅಂತಾದರೂ ಹೇಳಿ!" ಚಿಕ್ಕತಾಯಮ್ಮ ಕೋಣೆಯಿಂದ ಕೂಗಿಕೊಂಡಳು.

"ನಾಲ್ಕರಲ್ಲಿ ಒಂದು ಪಾಲು ತೆಗೆದು ಹೊಸ ನೀರು ಹಾಕಿ! ಅದಕ್ಕಿಂತ ಜಾಸ್ತಿ ಹಾಕಿದ್ರೆ ಸಾಯ್ತವೆ!" ಅಂದವನೇ ಸೈಕಲ್ ಹತ್ತಿದ. ಉಳಿದ ಮಾತು ಅವನ ಹೊಟ್ಟೆಯಲ್ಲೇ ಉಳಿಯಿತು.

ಚಿಕ್ಕತಾಯಮ್ಮ ಹಣೆ ಚಚ್ಚಿಕೊಂಡಳು. "ಉಣ್ಣೋರಿಗೆ ಹಂಗಾ ಮಾಡೋದು? ಸಾಕು ಸಾಕು ಅಂದ್ರೂ ಬಿಡದೆ ಹಾಕಬೇಕಿತ್ತು ಕಣ್ಲಾ! ತುಂಬಿ ತುಳುಕಿದ್ರೂ ಹಾಕಬೇಕಿತ್ತು!"

"ಮುಂದಿನ ಸಲ ಹಂಗೇ ಮಾಡ್ತೀನಿ ಅವ್ವಾ."

"ಹೋಗು, ತೊಟ್ಟಿಗೆ ಹೊಸ ನೀರು ಹಾಕು."

ಮುದ್ದುರಂಗ ನಲ್ಲಿಗೆ ಪೈಪು ಸಿಕ್ಕಿಸಿ ತೊಟ್ಟಿಯೊಳಗೆ ಬಿಟ್ಟ. ಅವತ್ತೇ ನಲ್ಲಿ ನೀರಿಗೆ ಬ್ಲೀಚಿಂಗ್ ಪುಡಿ ಹಾಕಿದ್ದರು, ಮನೆಯೆಲ್ಲಾ ಘಾಟು. ತೊಟ್ಟಿ ತುಂಬಿತು. ಬಿಡದೆ ಹಾಕಿದ. ತುಳುಕಿತು. ಆಗಲೂ ಹಾಕಿದ. ನಡುಮನೆ ಹೊಸಿಲು ದಾಟಿ ನೀರು ಹಿತ್ತಿಲ ಕೋಣೆಗೆ ಹರಿದು ಚಿಕ್ಕತಾಯಮ್ಮನ ಚಾಪೆ ನೆನೆದಾಗ ಅವಳಿಗೆ ಗೊತ್ತಾಯಿತು.

ಓಡಿದಳು. ಕಾಲುನೋವು ಎಲ್ಲಿ ಹೋಯಿತೋ, ಓಡಿದಳು. ನಲ್ಲಿ ನಿಲ್ಲಿಸಿದಳು. ಮರಿಗಳು ಪಕ್ಕಕ್ಕೆ ವಾಲಿಕೊಂಡು ತೇಲುತ್ತಿದ್ದವು. ಹಿತ್ತಿಲ ಸಿಮೆಂಟ್ ತೊಟ್ಟಿಯಲ್ಲಿ ನಿಂತ ಹಳೇ ನೀರನ್ನು ಟಬ್ಬಿನಲ್ಲಿ ತಂದು, ಒಂದೊಂದೇ ಮರಿಯನ್ನು ಬೊಗಸೆಯಲ್ಲಿ ಹಿಡಿದು ಬಿಟ್ಟಳು. ಎಣಿಸಿದಳು. ಹನ್ನೊಂದು! ಮತ್ತೆ ಎಣಿಸಿದಳು. ಹನ್ನೊಂದೇ!

ಆಗ ಅವಳಿಗೆ ಆದ ಭಯ ನಿಮಗೆ ಹೇಗೆ ಹೇಳಲಿ? ಈ ಪೆದ್ದನನ್ನು ಕಟ್ಟಿಕೊಂಡು ಯಾರ ಜಗಲಿ ಮೇಲೆ ಮಲಗಲಿ? ಯಾರು ಸೇರಿಸುತ್ತಾರೆ? ಮಂಚದ ಕೆಳಗೆ ತಡಕಿದಳು, ಮೋರಿ ಬಾಯಲ್ಲಿ ತಡಕಿದಳು. "ಹೊರಗೆ ಹಾಕ್ತಾರೆ ಕಣ್ಲಾ, ನಮ್ಮನ್ನ ಹೊರಗೆ ಹಾಕ್ತಾರೆ," ಅಂತ ಅತ್ತಳು. ಅವ್ವ ಅಳುವುದನ್ನು ನೋಡಿ ಮುದ್ದುರಂಗನೂ ಅತ್ತ.

ಅಳುತ್ತಾ ಅಳುತ್ತಾ, "ಅವ್ವಾ, ಸಾಹೇಬ್ರ ಬೂಟು ಅಲ್ಲಾಡ್ತದೆ," ಅಂದ.

ತೊಟ್ಟಿಯ ಕೆಳಗೆ ಗೌಡರ ಹಳೇ ಪೊಲೀಸ್ ಬೂಟುಗಳಿದ್ದವು. ಒಂದರಲ್ಲಿ ನೀರು ತುಂಬಿತ್ತು. ಆ ನೀರಿನಲ್ಲಿ ಹನ್ನೆರಡನೆಯದು ಪುಳಕ್ ಪುಳಕ್ ಅಂತ ಬಾಲ ಬಡಿಯುತ್ತಿತ್ತು. ಚಿಕ್ಕತಾಯಮ್ಮ ಬೂಟನ್ನೇ ಎತ್ತಿ ಕಣ್ಣಿಗೊತ್ತಿಕೊಂಡಳು.

ಆಮೇಲೆ ಮಗನ ಕಿವಿ ಹಿಡಿದಳು. "ಹೊರಗಿಂದ ಬಂದದ್ದನ್ನ ಸೀದಾ ಒಳಗೆ ಬಿಡ್ತಾರೇನ್ಲಾ? ಸಾಹೇಬ್ರು ದಿನಾ ನೀರು ಹಿಡಿದು ಅಂಗಳದಲ್ಲಿ ಇಡೋದು ನೋಡಿಲ್ವಾ? ಒಂದು ದಿನ ಬಿಸಿಲಲ್ಲಿ ನಿಲ್ಲಿಸಬೇಕು! ವಾಸನೆ ಪೂರ್ತಿ ಹೋಗಬೇಕು! ಆಗಲೂ ನಾಲ್ಕರಲ್ಲಿ ಒಂದು ಪಾಲು ಮಾತ್ರ ಒಳಗೆ! ತಲೆಗೆ ಹೋಯ್ತಾ?"

"ಹೋಯ್ತು ಅವ್ವಾ. ಮುಂದಿನ ಸಲ ಹಂಗೇ ಮಾಡ್ತೀನಿ."

ತೊಟ್ಟಿಗೆ ಹಳೇ ನೀರು ತುಂಬಿ ಮರಿಗಳನ್ನು ಮತ್ತೆ ಬಿಟ್ಟು, ಅಂದಿನಿಂದ ಅವಳು ಅದರ ಪಕ್ಕದಲ್ಲೇ ಚಾಪೆ ಹಾಕಿಕೊಂಡಳು. ಎದ್ದರೆ ಎಣಿಸುವುದು, ಉಂಡರೆ ಎಣಿಸುವುದು. ಬೀದಿಯಲ್ಲಿ ಯಾರಾದರೂ ಕೆಮ್ಮಿದರೆ ಗೌಡರೇ ಬಂದರು ಅಂತ ಎದೆ ಹೊಡೆದುಕೊಳ್ಳುವುದು. ಹೀಗೆ ಎಂಟು ದಿನ ಕಳೆಯಿತು. ನೀರು ತಿಳಿಯಾಯಿತು. ಮರಿಗಳು ಚುರುಕಾದವು. ಹನ್ನೆರಡಕ್ಕೆ ಹನ್ನೆರಡೂ ಇದ್ದವು. ಅವತ್ತು ಮಧ್ಯಾಹ್ನ, ಎಷ್ಟೋ ದಿನಕ್ಕೆ, ಅವಳಿಗೆ ಒಂದು ಜೊಂಪು ಹತ್ತಿತು.

ಜೊಂಪಿನಲ್ಲೇ ಗೇಟಿನ ಸದ್ದು, ಗೌಡರ ದನಿ, ಯಾರೋ ಏನೋ ಎಳೆದಾಡಿದ ಸದ್ದು. ಆಮೇಲೆ ಬಾಗಿಲು ದಡಾರನೆ ಮುಚ್ಚಿಕೊಂಡಿತು. ಕಣ್ಣು ಬಿಟ್ಟರೆ ಎದುರಿಗೆ ಮುದ್ದುರಂಗ. ಕೈಯಲ್ಲಿ ಗೌಡರ ಪೆಟ್ಟಿಗೆ, ಕಂಕುಳಲ್ಲಿ ಗೌಡರ ಕೊಡೆ, ತಲೆ ಮೇಲೆ ಗೌಡರ ಟೋಪಿ.

"ಏನ್ಲಾ ಇದು? ಸಾಹೇಬ್ರು ಬಂದ್ರಾ?"

"ಬಂದ್ರು ಅವ್ವಾ. ಆಸ್ಪತ್ರೆ ವಾಸನೆ ಅಂದ್ರೆ ವಾಸನೆ, ಥೇಟ್ ನಲ್ಲಿ ನೀರಿಂದೇ! ಸೀದಾ ಮೀನಿನ ಹತ್ರ ನುಗ್ತಾ ಇದ್ರು. ನಾನು ಬಿಡ್ತೀನಾ? ನಾಲ್ಕರಲ್ಲಿ ಒಂದು ಪಾಲು ಒಳಕ್ಕೆ ತಂದಿದೀನಿ, ಇಗೋ."

"ಮಿಕ್ಕಿದ್ದು?"

"ಅಂಗಳದಲ್ಲಿ ಬಿಸಿಲಿಗೆ ನಿಂತದೆ."

ಹೊರಗಿನಿಂದ ಬಾಗಿಲು ಮುರಿಯುವ ಹಾಗೆ ಗುದ್ದು. "ಏಯ್, ತೆಗೀರೋ! ನನ್ನ ಮನೆ ಕಣ್ರೋ ಇದು! ಚಿಕ್ಕತಾಯೀ!"

ಚಿಕ್ಕತಾಯಮ್ಮ ಏಳಲು ನೋಡಿದಳು. ಕಾಲು ಏಳಲಿಲ್ಲ, ದನಿಯೂ ಏಳಲಿಲ್ಲ. ತಲೆ ಮೇಲೆ ಕೈ ಹೊತ್ತು ಕೂತಳು. ಮುದ್ದುರಂಗ ಪಕ್ಕದಲ್ಲಿ ಕೂತು ಗೌಡರ ಟೋಪಿಯಿಂದ ಅವ್ವನಿಗೆ ಗಾಳಿ ಹಾಕಿದ.

"ಹೆದರಬೇಡ ಕಣವ್ವಾ. ಅಗುಳಿ ಹಾಕಿದೀನಿ. ಇನ್ನು ನಮ್ಮನ್ನ ಯಾರೂ ಹೊರಗೆ ಹಾಕಕ್ಕೆ ಆಗಲ್ಲ."