ಡಬ್ಬದ ಮೇಲಿನ ವೇಗ

“ಬುದ್ಧಿ, ನಾನು ಮಠ ಬಿಟ್ಟು ಹೋಗಲೇ?” ಎಂದು ಮರುಳಸಿದ್ಧ ಗುರುಗಳನ್ನು ಕೇಳಿದ.

ಗುರುಗಳು ಪೂಜೆಗೆ ಬಿಲ್ವಪತ್ರೆ ಆಯುತ್ತಿದ್ದರು. ತಲೆ ಎತ್ತಲಿಲ್ಲ. “ಯಾಕಪ್ಪಾ, ಊಟ ಸರಿಹೋಗಲಿಲ್ಲವೇ?”

“ಊಟದ ಮಾತಲ್ಲ ಬುದ್ಧಿ. ಗುರುಶಾಂತನೂ ನಾನೂ ಒಟ್ಟಿಗೆ ಇಲ್ಲಿಗೆ ಬಂದೆವು. ತಾವು ಪಾಠ ಹೇಳುವುದೂ ಒಟ್ಟಿಗೇ. ಅವನು ಒಮ್ಮೆ ಕೇಳಿದರೆ ಸಾಕು, ಮರುದಿನ ಜನರ ಮುಂದೆ ಕುಳಿತು ಪ್ರವಚನ ಹೇಳುತ್ತಾನೆ. ನನಗೆ ಅರ್ಧವೂ ಹತ್ತುವುದಿಲ್ಲ. ಈಗೀಗ ನಾನು ಪುಸ್ತಕ ಮುಚ್ಚಿಟ್ಟು, ಅವನು ಹೇಳುವುದನ್ನೇ ನೋಡುತ್ತಾ ಕೂರುತ್ತೇನೆ. ಪಾಠದಲ್ಲಿ ದೋಷವಿಲ್ಲ. ಅಂದಮೇಲೆ ದೋಷ ನನ್ನ ತಲೆಯದೇ. ಇಂಥ ತಲೆಗೆ ಇಂಥ ವಿದ್ಯೆ ಯಾಕೆ ದಂಡ?”

“ಕೂತುಕೋ. ಒಂದು ಕತೆ ಹೇಳುತ್ತೇನೆ. ಲ್ಯಾಪ್‌ಟಾಪಿನ ಕತೆ. ಮಠದಲ್ಲಿ ಇದೇನು ಎಂದು ಮೂಗು ಮುರಿಯಬೇಡ. ಬುದ್ಧಿ ಕೆಡುವುದು ಪುರಾಣದವರಿಗೆ ಮಾತ್ರ ಎಂದು ಎಲ್ಲೂ ಬರೆದಿಲ್ಲ.”

ಒಬ್ಬ ನೇಕಾರನಿದ್ದ. ರೇಷ್ಮೆ ಸೀರೆ ನೇಯುವುದರಲ್ಲಿ ಎತ್ತಿದ ಕೈ. ಬುಟ್ಟಾ, ಅಂಚು, ಸೆರಗಿನ ಚಿತ್ತಾರವನ್ನೆಲ್ಲ ಅವನ ಮಗ್ಗಕ್ಕೆ ಒಂದು ಹಳೆಯ ಲ್ಯಾಪ್‌ಟಾಪು ಹೇಳಿಕೊಡುತ್ತಿತ್ತು. ಪ್ರತಿ ಸಲ ಲಾಳಿ ಹಾಯುವ ಮುಂಚೆ ಯಾವ ಎಳೆ ಏಳಬೇಕು, ಯಾವುದು ಕೂರಬೇಕು ಎಂದು ಅದು ತಿಳಿಸಬೇಕು, ಮಗ್ಗ ಕೇಳಬೇಕು. ಆ ಮಗ್ಗದ ಪ್ರೋಗ್ರಾಮು ಹೊಸ ಲ್ಯಾಪ್‌ಟಾಪುಗಳಲ್ಲಿ ನಡೆಯುತ್ತಿರಲಿಲ್ಲ. ಹಾಗಾಗಿ ಹಳೆಯದನ್ನೇ ಜೋಪಾನ ಮಾಡಿಕೊಂಡಿದ್ದ.

ಆದರೆ ಅದಕ್ಕೆ ವಯಸ್ಸಾಗಿತ್ತು. ಚಿತ್ತಾರ ತೆರೆ ಎಂದರೆ ಗರಗರ ಎನ್ನುತ್ತಾ ಕೂರುತ್ತಿತ್ತು. ಅವನು ಎದ್ದು ಹೋಗಿ ಟೀ ಕುಡಿದು, ಪಕ್ಕದ ಮನೆಯವನ ಜೊತೆ ಊರ ಸುದ್ದಿಯೆಲ್ಲ ಮುಗಿಸಿ ಬಂದರೂ ತೆರೆದಿರುತ್ತಿರಲಿಲ್ಲ.

ಆ ವರ್ಷ ಅವನ ತಂಗಿಯ ಮಗಳಿಗೆ ಮದುವೆ ಗೊತ್ತಾಯಿತು. ಧಾರೆಯ ಸೀರೆ ಸೋದರಮಾವನದು. ಅವರ ಮನೆತನದಲ್ಲಿ ಅದನ್ನು ಅಂಗಡಿಯಿಂದ ತರುವಂತಿಲ್ಲ, ಮಾವನೇ ತನ್ನ ಮಗ್ಗದಲ್ಲಿ ನೇಯಬೇಕು. ಆ ಹುಡುಗಿಯೋ ಅವನ ಮಗ್ಗದ ಪಕ್ಕದಲ್ಲೇ ಆಡಿ ಬೆಳೆದವಳು. “ಮಾವಾ, ನನ್ನ ಸೀರೆಗೆ ನವಿಲು ಬೇಕು,” ಎಂದು ಚಿಕ್ಕಂದಿನಲ್ಲೇ ಮಾತು ತೆಗೆದುಕೊಂಡಿದ್ದಳು. ನೇಕಾರ ಮಗ್ಗಕ್ಕೆ ಹಾಸಿನ ಎಳೆಗಳನ್ನು ಏರಿಸಿದ. ದಿನಗಳು ಬೇಕಾದಷ್ಟು ಕೈಯಲ್ಲಿದ್ದವು. ಲ್ಯಾಪ್‌ಟಾಪು ಒಂದನ್ನು ಸರಿ ಮಾಡಿಸಿಬಿಟ್ಟರೆ ಆಯಿತು ಎಂದು ಪೇಟೆಗೆ ಹೋದ.

ರಿಪೇರಿಯವನು ಹಳೆಯ ಹಾರ್ಡ್ ಡಿಸ್ಕ್ ತೆಗೆದು, ಅದಕ್ಕಿಂತ ಎಷ್ಟೋ ಜೋರಾಗಿ ಓಡುವ ಎಸ್‌ಎಸ್‌ಡಿ ಎಂಬ ಹೊಸ ಡಿಸ್ಕ್ ಹಾಕಿದ. ಹಾಕುವಾಗಲೇ ಹೇಳಿದ: “ಅಣ್ಣಾ, ಇದು ಹಳೇ ಮಾಡೆಲ್ಲು. ಡಿಸ್ಕ್ ಎಷ್ಟು ಜೋರಾಗಿ ಕೊಟ್ಟರೂ ಇದು ಅರ್ಧ ವೇಗದಲ್ಲೇ ತಗೊಳ್ಳೋದು. ನಿಮ್ಮ ಕೆಲಸಕ್ಕೆ ಧಾರಾಳವಾಗಿ ಸಾಕು.”

ನೇಕಾರ ಹೂಂಗುಟ್ಟಿದ. ಮನೆಗೆ ಬಂದು ಚಿತ್ತಾರ ತೆರೆಯಲು ಕೊಟ್ಟ. ಮಗ್ಗದ ಗುಂಡಿಯೊಳಗೆ ಕಾಲು ಇಳಿಬಿಡುವಷ್ಟರಲ್ಲಿ ನವಿಲು ಎದುರಿಗೆ ಬಂದು ನಿಂತಿತ್ತು. ಅಬ್ಬಾ, ಅವನ ಖುಷಿಯೇ! ಆವತ್ತು ಸಂಜೆಯೊಳಗೆ ಗೇಣುದ್ದ ಸೀರೆ ಬಂತು.

ಅಲ್ಲಿಗೆ ಬಿಟ್ಟಿದ್ದರೆ ಕತೆಯೇ ಇರುತ್ತಿರಲಿಲ್ಲ. ಎಸ್‌ಎಸ್‌ಡಿಯ ಖಾಲಿ ರಟ್ಟಿನ ಡಬ್ಬ ಕಿಟಕಿಯಲ್ಲಿತ್ತು. ಅದರ ಮೇಲೆ ವೇಗದ ಅಂಕಿ ದಪ್ಪಗೆ ಅಚ್ಚಾಗಿತ್ತು. ಒಮ್ಮೆ ಅಳೆದು ನೋಡೋಣ ಎಂದುಕೊಂಡ. ವೇಗ ಅಳೆಯುವ ಪ್ರೋಗ್ರಾಮು ಹಾಕಿ ನೋಡಿದರೆ ಅರ್ಧಕ್ಕರ್ಧ ಖೋತಾ. ರಿಪೇರಿಯವನು ಹೇಳಿದ್ದು ನೆನಪಿತ್ತು. ಆದರೂ ಹೊಟ್ಟೆ ಉರಿಯಿತು. ಡಬ್ಬದ ಮೇಲೆ ಅಚ್ಚು ಹಾಕಿದ ವೇಗ ನನ್ನ ಮನೆಗೆ ಬರುವಷ್ಟರಲ್ಲಿ ಎಲ್ಲಿ ಹೋಯಿತು? ಮಗ್ಗದಿಂದ ಎದ್ದು ಮತ್ತೆ ಅಳೆದ. ಊಟ ಬಿಟ್ಟು ಅಳೆದ. ಅಷ್ಟೇ ಬಂತು.

ಇದಕ್ಕಿಂತ ಜೋರಿನದು ಬಂದಿದೆ ಎಂದು ಯಾರೋ ಹೇಳಿದರು. ತಂದ. ನಾಲಿಗೆಯಂಥ ತೆಳ್ಳನೆಯ ಪಟ್ಟಿ ಅದು. ಹಳೆಯ ಲ್ಯಾಪ್‌ಟಾಪಿನಲ್ಲಿ ಅದನ್ನು ಸಿಕ್ಕಿಸಲು ಜಾಗವೇ ಇಲ್ಲ. ಜಾಗ ಹೊಂದಿಸುವ ಇನ್ನೊಂದು ಸಾಮಾನು ತಂದ. ಕೂರಿಸಿದ. ಲ್ಯಾಪ್‌ಟಾಪು ಅದರ ಗುರುತೇ ಹಿಡಿಯಲಿಲ್ಲ. ಒಳಗಿನ ಸೆಟ್ಟಿಂಗು ಬದಲಿಸಿದ. ಲ್ಯಾಪ್‌ಟಾಪು ಏಳುವುದನ್ನೇ ನಿಲ್ಲಿಸಿತು. ಪೇಟೆಗೆ ಓಡಿ, ಮೊದಲಿನದನ್ನೇ ಹಾಕಿಸಿಕೊಂಡು ಬಂದ. ಬಂದವನು ನೇಯ್ದನೇ? ಎಲ್ಲಿಯ ಮಾತು! ಮತ್ತೆ ಅಳೆಯಲು ಕೂತ. ಹೆಂಡತಿ “ಸೀರೆ?” ಎಂದರೆ, “ಪೂರ್ತಿ ವೇಗ ಬರಲಿ, ಒಂದೇ ಏಟಿಗೆ ಮುಗಿಸುತ್ತೇನೆ,” ಎನ್ನುತ್ತಿದ್ದ. ಗೇಣುದ್ದದ ಸೀರೆಯ ಮೇಲೆ ಜೇಡ ಬಲೆ ಕಟ್ಟಿತು.

ಮದುವೆಯ ದಿನ ಬಂದೇ ಬಂತು. ನೇಕಾರ ಅಂಗಡಿಯಲ್ಲಿ ಒಂದು ದುಬಾರಿ ಸೀರೆ ಕೊಂಡು, ತಲೆ ತಗ್ಗಿಸಿಕೊಂಡು ಹೋದ. ಹುಡುಗಿ ಮಡಿಕೆ ಬಿಚ್ಚಿ, ಅಂಚಿನ ಮೇಲೆ ಬೆರಳಾಡಿಸಿದಳು. ಮಗ್ಗದ ಪಕ್ಕದಲ್ಲಿ ಬೆಳೆದವಳಿಗೆ ಅದು ಮಾವನ ನೇಯ್ಗೆಯಲ್ಲ ಎಂದು ಬೇರೆ ಹೇಳಬೇಕೇ? “ಚೆನ್ನಾಗಿದೆ ಮಾವಾ,” ಎಂದಳು. ಅದನ್ನೇ ಉಟ್ಟು ಧಾರೆಗೆ ನಿಂತಳು. ನವಿಲಿನ ಮಾತು ಎತ್ತಲೇ ಇಲ್ಲ. ಬೈದಿದ್ದರೂ ಆಗುತ್ತಿತ್ತು ಎಂದು ನೇಕಾರನ ಕರುಳು ಕಿತ್ತುಬಂತು.

ಗುರುಗಳು ಅಲ್ಲಿಗೆ ನಿಲ್ಲಿಸಿ ಮತ್ತೆ ಪತ್ರೆ ಆಯತೊಡಗಿದರು.

“ಆ ಲ್ಯಾಪ್‌ಟಾಪು ಏನಾಯಿತು ಬುದ್ಧಿ? ಎಸೆದನೇ?” ಎಂದು ಮರುಳಸಿದ್ಧ ಕೇಳಿದ.

“ಯಾಕೆ ಎಸೆಯುತ್ತಾನೆ? ಮದುವೆಯಿಂದ ಬಂದವನೇ ಡಬ್ಬವನ್ನು ಒಲೆಗೆ ಹಾಕಿ ಮಗ್ಗಕ್ಕೆ ಕೂತ. ಲಾಳಿ ಹಾಯಿಸುವುದು ಒಂದು ಸಲಕ್ಕೆ ಒಂದೇ ಎಳೆ. ಆ ಅರ್ಧ ವೇಗದಲ್ಲಿ ಕಾಲುಭಾಗವೂ ಅದಕ್ಕೆ ಬೇಕಾಗಲಿಲ್ಲ. ಆ ಹುಡುಗಿಯ ಸೀಮಂತಕ್ಕೆ ನವಿಲಿನ ಸೀರೆ ಹೋಯಿತು. ಉಟ್ಟು ನಕ್ಕಳು, ಅತ್ತಳು. ಏನಾದರೇನು, ಅದು ಧಾರೆಯ ಸೀರೆಯಾಗಲಿಲ್ಲ.”

“ಆದರೆ ಬುದ್ಧಿ, ಗುರುಶಾಂತ...” ಎಂದು ಮರುಳಸಿದ್ಧ ಬಾಯಿ ತೆರೆದ.

“ಗುರುಶಾಂತನನ್ನು ಅಳೆಯುತ್ತಾ ಕೂತು, ನಿನ್ನ ಮಗ್ಗ ನಿಂತು ಎಷ್ಟು ದಿನವಾಯಿತು?” ಎಂದರು ಗುರುಗಳು.

ಮರುಳಸಿದ್ಧ ಎದ್ದು ಹೋಗಿ, ಮುಚ್ಚಿಟ್ಟಿದ್ದ ಪುಸ್ತಕ ತೆರೆದ.